ಸ್ಟೇಷನ್ ರಸ್ತೆಯ ಎಲ್.ಸಿ.

ಆಸ್ಪತ್ರೆಯ ಹಿಂಗೋಡೆಯ ಬುಡದಲ್ಲಿ ಬೆಳೆದ ಕಸವನ್ನು ಚಪ್ಪಲಿಯ ತುದಿಯಿಂದ ಸರಿಸುತ್ತ ಪರಸಪ್ಪ ಕರೆಂಟನ್ನು ಭೂಮಿಗಿಳಿಸುವ ಅರ್ಥಿಂಗಿನ ಗುಂಡಿ ಹುಡುಕುತ್ತಿದ್ದ. ಹುಡುಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಳಗೆ ವಾರ್ಡಿನ ಮಂಚದ ಮೇಲೆ ಹೆಂಡತಿ ಆಮ್ರಪಾಲಿ ಖಾಲಿ ಹೊಟ್ಟೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಅವಳಿಗೆ ಅರಿವಳಿಕೆ ಕೊಟ್ಟು ತಲೆಗೆ ಕರೆಂಟು ಹಾಯಿಸುವವರಿದ್ದರು. ಆಯುಷ್ಯವೆಲ್ಲ ಕಂಬ ಹತ್ತಿ ಇಳಿದ ಲೈನ್‌ಮನ್ ಅವನು, ಬೆಂಚಿನ ಮೇಲೆ ಸುಮ್ಮನೆ ಕೂರುವುದು ಹೇಗೆ? ಕಡೆಗೂ ಗುಂಡಿ ಸಿಕ್ಕಿತು. ಮುಚ್ಚಳ ಎತ್ತಿ ನೋಡಿದರೆ ಒಣಗಿ ಬಿರುಕು ಬಿಟ್ಟಿತ್ತು. ಇಷ್ಟು ದೊಡ್ಡ ಕಟ್ಟಡ, ಮುಂದೆ ಗಾಜಿನ ಬಾಗಿಲು, ಹಿಂದೆ ಅರ್ಥಿಂಗಿಗೆ ಒಂದು ಕೊಡ ನೀರು ಗತಿಯಿಲ್ಲ ಎಂದು ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದರಿಂದ ಒಂದಿಷ್ಟು ಸಮಾಧಾನವೂ ಆಯಿತು. ನಲ್ಲಿಯ ಹತ್ತಿರ ಕವುಚಿದ್ದ ಬಕೆಟ್ಟಿನಲ್ಲಿ ನೀರು ತಂದು ಹೊಯ್ದ. ಉಪ್ಪೂ ಬೇಕಿತ್ತು. ಒಳಗೆ ಹೋಗಿ ಅವ್ವ ಚಂದ್ರಾಬಾಯಿಯ ಬುತ್ತಿಗಂಟಿಗೆ ಕೈ ಹಾಕಿದ.

ನಿಡೋಣಿಯಿಂದ ಮುಂಜಾನೆಯ ಬಸ್ಸಿಗೆ ಬಂದಿದ್ದ ಚಂದ್ರಾಬಾಯಿ ಸೊಸೆಗೆಂದು ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಉಳ್ಳಾಗಡ್ಡಿಗೆ ಹಚ್ಚಿಕೊಳ್ಳಲು ಕಾಗದದಲ್ಲಿ ಕಟ್ಟಿದ ಉಪ್ಪು, ಎಲ್ಲ ತಂದಿದ್ದಳು. ಏನೂ ತಿನ್ನಿಸಬಾರದೆಂದು ನರ್ಸು ಹೇಳಿದಾಗಿನಿಂದ ಗಂಟನ್ನು ಮಡಿಲಲ್ಲಿ ಕೂಸಿನ ಹಾಗೆ ಹಿಡಿದು ಕೂತಿದ್ದಳು. ಮಗ ಉಪ್ಪು ಕೇಳಿದ್ದೇ ತಡ, ದೃಷ್ಟಿ ತೆಗೆಯಲೆಂದು ತಾನೇ ಊಹಿಸಿ ಎದ್ದಳು. ಅವನು ಬೇಡವೆನ್ನುವಷ್ಟರಲ್ಲಿ ಸೊಸೆಯ ಸುತ್ತ ಉಪ್ಪನ್ನು ಇಳಿಸಿ, ಮೂರು ದಾರಿ ಕೂಡಿದಲ್ಲಿ ಚೆಲ್ಲಿ ಬಾ ಎಂದು ಕೊಟ್ಟಳು. ಮನೆಯಲ್ಲಿ ಬುದ್ಧನ ಫೋಟೋದ ಮುಂದೆ ಇಂಥವನ್ನೆಲ್ಲ ಬಿಟ್ಟೆವೆಂದು ವಂದನೆ ಹೇಳುವ ಅವ್ವನೇ ಇವಳು. ಪರಸಪ್ಪ ವಾದ ಮಾಡಲಿಲ್ಲ. ಗುಂಡಿಗೆ ಬೇಕಾದದ್ದು ಉಪ್ಪು, ಅದರಲ್ಲಿ ದೃಷ್ಟಿ ಇದ್ದರೂ ಅದೂ ಭೂಮಿಗೇ ಇಳಿಯುತ್ತದೆ. ಹಾಕಿ, ಕೈ ಒರೆಸಿಕೊಂಡು, ಮುಚ್ಚಳ ಮುಚ್ಚಿದ. ಹೆದರಿಕೆ ಮಾತ್ರ ಇದ್ದಲ್ಲಿಯೇ ಇತ್ತು.

ಕರೆಂಟು ಏನು ಮಾಡುತ್ತದೆಂದು ಅವನಿಗೆ ಗೊತ್ತಿದ್ದಷ್ಟು ಆ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವೆಂದು ಅವನ ನಂಬಿಕೆ. ಬಬಲೇಶ್ವರದ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದಾಗ ಕಂಬದ ಮೇಲೆ ಒಮ್ಮೆ ಹೊಡೆದಿತ್ತು. ಕೆಳಗೆ ಇಳಿಸಿದವರು ಸೈಕಲ್ ಎಲ್ಲಿ ಎಂದು ಕೇಳಿದರೆ ತನಗೆ ಸೈಕಲ್ ಇದೆ ಎಂಬುದೇ ಅವನಿಗೆ ಅವತ್ತು ಸಂಜೆಯವರೆಗೆ ತಿಳಿಯಲಿಲ್ಲ. ಸೈಕಲ್ ಏನೋ ಸಂಜೆಗೆ ನೆನಪಾಯಿತು. ಗಂಡ ಸೈಕಲ್ಲಿನಷ್ಟು ಸುಲಭಕ್ಕೆ ನೆನಪಾಗುವ ವಸ್ತುವೇ? ಈ ಪ್ರಶ್ನೆಯನ್ನು ಡಾಕ್ಟರ್ ಸುಮಯ್ಯಾ ಅವರ ಮುಂದೆ ಬೇರೆ ಮಾತಿನಲ್ಲಿ ಇಟ್ಟಿದ್ದ: ಎಷ್ಟು ವೋಲ್ಟು, ಫ್ಯೂಜ್ ಎಲ್ಲಿದೆ, ಕೈಗೆ ರಬ್ಬರಿನ ಗ್ಲೌಸು ಯಾರು ಹಾಕಿಕೊಳ್ಳುತ್ತಾರೆ. ಡಾಕ್ಟರು ಅವನಿಗಿಂತ ಬಹಳ ಸಣ್ಣವರು, ಊರಿನವರೇ, ತಾಳ್ಮೆ ಇತ್ತು. ಆಕೆ ನಿದ್ದೆಯಲ್ಲಿರುತ್ತಾಳೆ, ಮೈ ಸಡಿಲಾಗಲು ಔಷಧಿ ಕೊಟ್ಟಿರುತ್ತೇವೆ, ಕಾಲ ಬೆರಳು ತುಸು ನಡುಗೀತು, ಕರೆಂಟು ಕೆಲವೇ ಸೆಕೆಂಡು, ಅಳೆದು ಕೊಡುವುದು ಎಂದರು. ಅವನು ಮತ್ತೆ ವೋಲ್ಟಿಗೇ ಬಂದಾಗ ನಕ್ಕರು.

"ಕರೆಂಟ ಒಂದೇರಿ ಕಾಕಾರ. ಆದ್ರ ನೀವು ಗಿರಣಿಗೆ ಕೊಡೂದನ್ನ ನಾವು ಮನಶ್ಯಾಗ ಕೊಡೂದಿಲ್ಲ."

ಕಾಯಿಲೆಯ ಹೆಸರು ಬೈಪೋಲಾರ್ ಎಂದೂ ಅವರೇ ಬಿಡಿಸಿ ಹೇಳಿದ್ದರು: ಮನಸ್ಸು ಕೆಲವು ಕಾಲ ಮಿತಿ ಮೀರಿ ಏರುತ್ತದೆ, ಕೆಲವು ಕಾಲ ಪಾತಾಳಕ್ಕೆ ಇಳಿಯುತ್ತದೆ. ಹೈ ವೋಲ್ಟೇಜು, ಲೋ ವೋಲ್ಟೇಜು ಎಂದು ಪರಸಪ್ಪ ಆ ಕ್ಷಣವೇ ಹಿಡಿದುಕೊಂಡಿದ್ದ. ಕೊಡುವ ಗುಳಿಗೆಗೆ ಮೂಡ್ ಸ್ಟೆಬಿಲೈಜರ್ ಅನ್ನುತ್ತಾರೆಂದು ಕೇಳಿದಾಗಂತೂ ಕುರ್ಚಿಯಲ್ಲಿ ಮುಂದೆ ಸರಿದು, ಹಾಗಾದರೆ ಇವರು ನಮ್ಮ ಮಂದಿಯೇ ಎಂಬಂತೆ ಡಾಕ್ಟರರನ್ನು ನೋಡಿದ್ದ. ಆದರೆ ಸ್ಟೆಬಿಲೈಜರು ಈ ಸಲ ಹಿಡಿದು ನಿಲ್ಲಿಸಲಿಲ್ಲ. ಯುಗಾದಿಯ ಹಿಂದು ಮುಂದು ಆಮ್ರಪಾಲಿ ಏರಿದ್ದು ಏರಿದ್ದೇ. ರಾತ್ರಿಗಳನ್ನು ನಿದ್ದೆಗೆ ಕೊಡುವುದು ದಂಡವೆಂದು ಬಿಟ್ಟಳು. ಟಿಕೋಟಾದ ಅವರ ಓಣಿಗೆಲ್ಲ ಹೋಳಿಗೆ ಮಾಡಿ ಹಂಚಿದಳು, ತಿಂದು ಮುಗಿಸುವಷ್ಟರಲ್ಲಿ ಮತ್ತೆ ಹಂಚಿದಳು. ಎರಡನೆಯ ಸಲಕ್ಕೆ ಓಣಿಯವರು ಪಾತ್ರೆ ತೊಳೆದು ಕಾದಿದ್ದರು. ಮನೆಯ ಮುಂದಿನ ಕರೆಂಟಿನ ಕಂಬ ಬೂದು ಬಣ್ಣದಲ್ಲಿ ಬಿಕೋ ಅನ್ನುತ್ತದೆಂದು ಹಳದಿ ಬಣ್ಣ ತಂದಳು. ಅದು ಇಲಾಖೆಯ ಕಂಬ ಎಂದು ಪರಸಪ್ಪ ಹೇಳಿದ. ಇಲಾಖೆಗೂ ಕಣ್ಣಿದೆ, ನೋಡಿ ಖುಷಿಪಡಲಿ ಎಂದಳು. ಅವಳು ಹಾಗೆ ನಗುವಾಗ ಎಷ್ಟು ಚಂದ ಕಾಣುತ್ತಿದ್ದಳೆಂದರೆ, ಕಾಯಿಲೆ ಎಂದು ತಿಳಿದೂ ಅವನು ಎರಡು ದಿನ ಸುಮ್ಮನಿದ್ದ. ಆ ಎರಡು ದಿನ ಈಗ ಅವನನ್ನು ತಿನ್ನುತ್ತಿದ್ದವು.

ಆಮೇಲಿನದನ್ನು ನೆನೆಯಬಾರದೆಂದು ಅವನು ಆಸ್ಪತ್ರೆಯ ಗೋಡೆಯ ಮೇಲಿನ ವಾಯರಿಂಗನ್ನು ಎಣಿಸತೊಡಗಿದ. ಅವತ್ತು ಅವನು ಇಲಾಖೆಯ ಮೀಟಿಂಗು ಮುಗಿಸಿ ಬರುವಷ್ಟರಲ್ಲಿ ಅವಳು ಅವನದೇ ಏಣಿ ಹಚ್ಚಿ, ಅವನದೇ ಹೆಲ್ಮೆಟ್ಟು ಹಾಕಿ, ಕಂಬದ ಮುಕ್ಕಾಲಿಗೆ ಮುಟ್ಟಿದ್ದಳು. ಕುಂಚದ ಕೈಗೂ ತಂತಿಗೂ ನಡುವೆ ಉಳಿದದ್ದು ಒಂದು ಮೊಳ. ಕೂಗಿದರೆ ಬೆಚ್ಚುತ್ತಾಳೆಂದು ಕೂಗದೆ, ಹಿಂದೆಯೇ ಹತ್ತಿ, ಸೊಂಟ ಹಿಡಿದು ಇಳಿಸಿದ್ದ. ಓಣಿ ನೋಡುತ್ತಿತ್ತು. ಒಳಗೆ ಒಯ್ದು ಕೂರಿಸಿದರೆ ಮತ್ತೆ ಎದ್ದಳು, ಮತ್ತೆ ಕೂರಿಸಿದ, ಮತ್ತೆ ಎದ್ದಳು. ಗೂಟಕ್ಕೆ ಅವನ ಸೇಫ್ಟಿ ಬೆಲ್ಟು ತೂಗುತ್ತಿತ್ತು. ಕಂಬದ ಮೇಲೆ ಅವನು ಬೀಳದಂತೆ ಹಿಡಿಯುವ ಬೆಲ್ಟು. ಅದನ್ನು ಅವಳ ನಡುವಿಗೆ ಸುತ್ತಿ ಕಿಟಕಿಯ ಸರಳಿಗೆ ಬಿಗಿದ. ಬಿಗಿದವನೇ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಕೂತ. ಸಂಜೆ ಬಿಚ್ಚಲು ಹೋದಾಗ ಬೆಲ್ಟು ಮುಟ್ಟಿದ್ದಕ್ಕೇ ಕಳಚಿ ಬಂದಂತಾಗಿತ್ತು, ಅದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಕೆಲವು ದಿನ ಕಳೆದು ಅವಳು ತಾನಾಗಿಯೇ ಇಳಿದಳು, ಇಳಿಯುತ್ತ ಹೋದಳು, ಮಾತು ಬಿಟ್ಟಳು, ಊಟ ಬಿಟ್ಟಳು, ಕಡೆಗೆ ನೀರನ್ನೂ ತುಟಿಗೆ ಹಚ್ಚಿ ಕೆಳಗಿಡತೊಡಗಿದಳು. ಬೆಲ್ಟನ್ನು ಪರಸಪ್ಪ ಮನೆಯ ಜೋಳದ ಚೀಲದೊಳಗೆ ಹೂತಿಟ್ಟ.

ಈ ಸ್ಥಿತಿಯಲ್ಲಿ ಗುಳಿಗೆಗೆ ಕಾಯುವಷ್ಟು ವೇಳೆಯಿಲ್ಲ, ಇದು ಬೇಗ ಹಿಡಿಯುವ ಚಿಕಿತ್ಸೆ ಎಂದು ಡಾಕ್ಟರು ಹೇಳಿದರು. ಮೊದಲು ಆಮ್ರಪಾಲಿಯನ್ನೇ ಕೇಳಿದರು. ಅವಳು ಬಹಳ ಹೊತ್ತಿನ ಮೇಲೆ "ಆಗ್ಲಿ" ಎಂದಳು. ಆ ವಾರದಲ್ಲಿ ಅವಳಾಡಿದ ಮಾತು ಅದೊಂದೇ. ಆಮೇಲೆ ಪರಸಪ್ಪನಿಗೆ ತಿಳಿಸಿ ಹೇಳುತ್ತ, ನೆನಪು ಸ್ವಲ್ಪ ಮಸುಕಾಗಬಹುದು, ಅದರಲ್ಲೂ ಈ ಒಂದೆರಡು ತಿಂಗಳದ್ದು, ಬಹಳಷ್ಟು ವಾಪಸ್ ಬರುತ್ತವೆ, ಕೆಲವು ಬಾರದೆಯೂ ಇರಬಹುದು ಎಂದರು. ಬೇರೆ ಗಂಡಂದಿರು ಇಲ್ಲಿ ಗಾಬರಿಯಾಗುತ್ತಾರೇನೋ. ಪರಸಪ್ಪನ ಎದೆಯೊಳಗೆ ಏನೋ ಹಗುರಾಯಿತು. ಈ ಒಂದೆರಡು ತಿಂಗಳಲ್ಲಿಯೇ ಅಲ್ಲವೇ ಬೆಲ್ಟಿನ ದಿನ ಇರುವುದು? ದನಿ ತಗ್ಗಿಸಿ, ಯಾವ ದಿನ ಹೋಗಬೇಕೆಂದು ಆರಿಸಲು ಬರುತ್ತದೆಯೇ ಎಂದೂ ಕೇಳಿದ. ಬರೂದಿಲ್ರಿ ಎಂದರು ಡಾಕ್ಟರು, ಮುಖವನ್ನು ಗಂಭೀರವಾಗಿಯೇ ಇಟ್ಟುಕೊಂಡು. ಅವನು ಪೆನ್ನು ಬೇಡಿ ಅವಸರದಲ್ಲಿ ಸಹಿ ಮಾಡಿದ. ಹೆಂಡತಿ ಬದುಕಲೆಂದು ಮಾಡಿದೆನೋ, ನನ್ನ ತಪ್ಪು ಅಳಿಸಿ ಹೋಗಲೆಂದು ಮಾಡಿದೆನೋ ಎಂಬ ಪ್ರಶ್ನೆ ಆ ಸಹಿಯ ಮಸಿ ಒಣಗುವ ಮುಂಚೆಯೇ ಶುರುವಾಯಿತು.

ಟ್ರಾಲಿ ಬಂತು. ಚಂದ್ರಾಬಾಯಿ ಸೊಸೆಯ ಸೆರಗು ಸರಿಮಾಡಿ, ಬಳೆ ತೆಗೆದು ತನ್ನ ಕೈಗೆ ಹಾಕಿಕೊಂಡಳು. ಅವು ಮೊಳಕೈ ಕೆಳಗೆ ಬಿಗಿಯಾಗಿ ಕೂತವು. ಬಾಗಿಲ ಹತ್ತಿರ ತಿರುಗುವಾಗ ಆಮ್ರಪಾಲಿ ಪರಸಪ್ಪನನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ, ಗೋಡೆಯನ್ನು ಬಿಟ್ಟು, ನೇರವಾಗಿ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ, ಗುರುತು ಇತ್ತು. ಇಷ್ಟು ದೊಡ್ಡ ಲೋಕದಲ್ಲಿ ಇವನು ಯಾರೆಂದು ಬಲ್ಲ ಕಣ್ಣುಗಳು. ಬಾಗಿಲು ಮುಚ್ಚಿತು. ಒಂದು ದಿನ ಅಳಿಸಲು ಹೋಗಿ ನನ್ನನ್ನೇ ಅಳಿಸಿಬಿಟ್ಟರೆ? ಅವನು ಅಂಗಳಕ್ಕೆ ಓಡಿ ಸಬ್‌ಸ್ಟೇಷನ್ನಿಗೆ ಫೋನು ಹಚ್ಚಿದ.

ಲೈನ್‌ಮನ್ನನಿಗೆ ಎಲ್.ಸಿ. ಅಂದರೆ ತಾಯಿಯ ಆಣೆ ಇದ್ದ ಹಾಗೆ. ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿಗೆ ಹೇಳಿ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು; ಅಲ್ಲಿನ ಆಪರೇಟರ್ ಆ ಲೈನಿನ ಕರೆಂಟು ಬಂದ್ ಮಾಡುತ್ತಾನೆ; ತೆಗೆದುಕೊಂಡವನೇ, ಅವನದೇ ದನಿಯಲ್ಲಿ, ವಾಪಸ್ ಕೊಟ್ಟೆ ಎನ್ನುವ ತನಕ ಮಂತ್ರಿ ಬಂದು ಹೇಳಿದರೂ ಚಾಲೂ ಮಾಡುವುದಿಲ್ಲ. ಆಪರೇಟರ್ ಗೈಬುಸಾಬ ಪರಸಪ್ಪನ ಜೊತೆಗೇ ಕೆಲಸಕ್ಕೆ ಸೇರಿದವನು. ಆಸ್ಪತ್ರೆಗೆ ಕರೆಂಟು ಬರುವ, ತಾನೇ ನೋಡಿಕೊಳ್ಳುವ ಸ್ಟೇಷನ್ ರಸ್ತೆಯ ಫೀಡರಿಗೆ ಎಲ್.ಸಿ. ಬೇಕೆಂದಾಗ, ರಜೆಯ ಮೇಲಿದ್ದವನು ಯಾವ ಕಂಬ ಹತ್ತುತ್ತಾನೆಂದು ಕೇಳಿದ. ಕಂಬದ ಮಾತು ಆಮೇಲೆ, ಮೊದಲು ಕೊಡು ಎಂದ ಪರಸಪ್ಪ. ಅವನ ದನಿ ಕೇಳಿ ಗೈಬುಸಾಬ, ತಂತಿ ಹರಿದು ಯಾರ ಮೇಲೋ ಬಿದ್ದಿದೆ ಎಂದೇ ತಿಳಿದ. ಕೊಟ್ಟ.

ಸ್ಟೇಷನ್ ರಸ್ತೆ ತಣ್ಣಗಾಯಿತು. ಲಸ್ಸಿ ಅಂಗಡಿಯ ಮಿಕ್ಸರು ನಿಂತಿತು, ಝೆರಾಕ್ಸ್ ಅಂಗಡಿಯಲ್ಲಿ ಯಾರದೋ ಆಧಾರ್ ಕಾರ್ಡು ಅರ್ಧ ಮುಖಕ್ಕೆ ಸಿಕ್ಕಿಕೊಂಡಿತು, ಕಟಿಂಗ್ ಅಂಗಡಿಯಿಂದ ಒಬ್ಬ ಒಂದೇ ಕಡೆಯ ಕೂದಲು ಹೋದ ತಲೆಯೊಂದಿಗೆ ಹೊರಗೆ ಬಂದು ಆಕಾಶ ನೋಡಿದ. ಪರಸಪ್ಪ ಇದನ್ನೆಲ್ಲ ಗೇಟಿನಿಂದ ನೋಡಿ ಉಸಿರು ಬಿಟ್ಟ. ಆ ನಿಶ್ಶಬ್ದದಲ್ಲಿ ಅವನಿಗೆ ತನ್ನ ಸಂಸಾರ ಪೂರ್ತಿ ಸುರಕ್ಷಿತವಾಗಿದೆ ಅನ್ನಿಸಿತು. ಅನ್ನಿಸಿದ್ದು ಒಂದು ಗಳಿಗೆ. ಆಸ್ಪತ್ರೆಯ ಪಕ್ಕದ ತಗಡಿನ ಕೋಣೆಯಲ್ಲಿ ಏನೋ ಕೆಮ್ಮಿತು, ಮತ್ತೆ ಕೆಮ್ಮಿತು, ಗುಡುಗುಡು ಎಂದು ಹಿಡಿಯಿತು. ಜನರೇಟರು. ಆಯುಷ್ಯವೆಲ್ಲ ಕರೆಂಟಿನಲ್ಲಿ ಕಳೆದವನಿಗೆ ಆಸ್ಪತ್ರೆಯಲ್ಲಿ ಜನರೇಟರು ಇರುತ್ತದೆಂಬುದು ಹೊಳೆದಿರಲಿಲ್ಲ. ಲಿಫ್ಟು, ಮೆಟ್ಟಿಲು, ಯಾವುದೆಂದು ತಿಳಿಯದೆ ಓಡಿದ. ನರ್ಸು ತಡೆದು, ಒಳಗಡೆ ಫೋನು ಬಂದ್ ಇರಬೇಕೆಂದಳು. ಬಂದ್ ಮಾಡಿ ಜೇಬಿಗಿಟ್ಟ. ಡಾಕ್ಟರು ಆಗಲೇ ಹೊರಗೆ ಬರುತ್ತಿದ್ದರು.

"ಆತ್ರಿ. ಆರಾಮ ಅದಾಳ."

ಆಯಿತೇ? ದೀಪಗಳು ಮಂಕಾಗಲಿಲ್ಲ, ಯಾರೂ ಚೀರಲಿಲ್ಲ, ತಾನು ಜನರೇಟರಿನ ಕಡೆ ಓಡಬೇಕೋ ಇತ್ತ ಓಡಬೇಕೋ ಎಂದು ಯೋಚಿಸುವಷ್ಟರಲ್ಲಿ ಆಗಿಹೋಗಿತ್ತು. ಅವನಿಗೆ ಸಣ್ಣ ಅವಮಾನವೂ ಆಯಿತು. ಇಷ್ಟು ಹೆದರಿದ್ದಕ್ಕೆ ತಕ್ಕಷ್ಟು ದೊಡ್ಡದೇನೋ ಆಗಬೇಕಿತ್ತು.

ಎಚ್ಚರಾಗುವ ಕೋಣೆಯಲ್ಲಿ ಆಮ್ರಪಾಲಿ ಅಂಗಾತ ಮಲಗಿದ್ದಳು. ಚಂದ್ರಾಬಾಯಿ ತಲೆ ಸವರಲು ಹೋಗಿ, ಕೈ ಹಿಂದೆ ತೆಗೆದು, ಹಂಚು ಕಾದಿದೆಯೋ ಎಂದು ನೋಡುವ ಹಾಗೆ ಬೆರಳ ತುದಿಯಿಂದ ಸೊಸೆಯ ಹಣೆ ಮುಟ್ಟಿ ಚಟಕ್ಕನೆ ಎಳೆದುಕೊಂಡಳು. ಏನೂ ಹೊಡೆಯಲಿಲ್ಲ. ಆಗ ಇಡೀ ಅಂಗೈ ಇಟ್ಟಳು, ಇಟ್ಟದ್ದನ್ನು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದವು. ನರ್ಸು ಹೆಸರು ಕೇಳಿದಳು, ಆಮ್ರಪಾಲಿ ಎಂದಳು. ಊರು ಕೇಳಿದಳು, ಬಹಳ ಯೋಚಿಸಿ, ಘೋಣಸಗಿ ಎಂದಳು. ಅದು ತವರು. ಲಗ್ನ ಆದದ್ದನ್ನೇ ಮರೆತಳಲ್ಲ ಎಂದು ಚಂದ್ರಾಬಾಯಿ ಮಗನನ್ನು ನೋಡಿದಳು. ನರ್ಸು ಪರಸಪ್ಪನನ್ನು ತೋರಿಸಿ, ಇವರು ಯಾರು ಎಂದಳು. ಅವನು ಅರಿವಿಲ್ಲದೆ ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ, ಇಂಟರ್‌ವ್ಯೂಗೆ ನಿಂತ ಹಾಗೆ.

"ಲೈನ್‌ಮನ್," ಎಂದಳು ಆಮ್ರಪಾಲಿ.

ಅಷ್ಟೇ. ಕರೆಂಟು ಹೋದಾಗ ಬರುವವರಲ್ಲಿ ಒಬ್ಬ. ಈಗಷ್ಟೇ ಎದ್ದಿದ್ದಾಳೆ, ಗೊಂದಲ ಇರುತ್ತದೆ, ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ ಎಂದು ನರ್ಸು ಹೇಳಿದ್ದು ಅವನಿಗೆ ದೂರದಿಂದ ಕೇಳಿತು. ಆಮ್ರಪಾಲಿಯ ಕಣ್ಣು ಮೇಲಿನ ಫ್ಯಾನಿನ ಕಡೆ ಹೋಗಿದ್ದವು. ಜನರೇಟರಿಗೆ ದೀಪ ಮಾತ್ರ ಇದ್ದವು, ಫ್ಯಾನು ನಿಂತಿತ್ತು. ಯಾಕೆ ನಿಂತಿದೆ ಎಂದು ಕೇಳಿದಳು. ಹೊರಗೆ ಕರೆಂಟು ಹೋಗಿದೆ, ಎಲ್ಲಿ ಏನಾಗಿದೆಯೋ ಎಂದಳು ನರ್ಸು. ಆಮ್ರಪಾಲಿ ಕಣ್ಣು ಮುಚ್ಚಿಕೊಂಡೇ, ಮನೆಯಲ್ಲಿ ಎಷ್ಟೋ ವರ್ಷ ಕೇಳಿ ಬಾಯಿಗೆ ಬಂದದ್ದನ್ನು ಅಂದಳು.

"ಯಾರೋ ಎಲ್.ಸಿ. ತಗೊಂಡಾರ. ವಾಪಸ್ ಕೊಡಾಕ ಹೇಳ್ರಿ ಅವರಿಗೆ. ಸೆಖಿ ಆಗಾಕತ್ತೈತಿ."

ಪರಸಪ್ಪನ ಕೈ ಜೇಬಿಗೆ ಹೋಯಿತು. ನೆನಪು ಹೋಗುತ್ತದೆಂದು ಹೆದರಿಸಿದ್ದು ಯಾರಿಗೆ, ಮರೆತು ನಿಂತವನು ಯಾರು? ಅಂಗಳಕ್ಕೆ ಬಂದು ಫೋನು ಚಾಲೂ ಮಾಡಿದರೆ ಗೈಬುಸಾಬನ ಕರೆಗಳು ಒಂದರ ಬೆನ್ನಿಗೊಂದು ಬಂದು ಬಿದ್ದವು. ಪಾಪ, ಅವನು ಒಬ್ಬ ಹುಡುಗನನ್ನು ಕಂಬ ಕಂಬದ ಕೆಳಗೂ ಪರಸಪ್ಪನ ಹೆಣ ಹುಡುಕಲು ಕಳಿಸಿದ್ದ. ಎಲ್.ಸಿ. ವಾಪಸ್ ಎಂದು ಪರಸಪ್ಪ ಹೇಳಿದ ಮೇಲೆ ಗೈಬುಸಾಬ ಮೊದಲು ಅಲ್ಲಾನ ಹೆಸರು ಹೇಳಿದ, ಆಮೇಲೆ ಬೈದ, ಬೈದು ಮುಗಿದ ಮೇಲೆ ಯಾಕೆಂದು ಕೇಳಿದ. ಪರಸಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಲೇ ಪರಸ್ಯಾ," ಎಂದ ಗೈಬುಸಾಬ, "ಹೆಂಡ್ತಿ ಸಲುವಾಗಿ ಮಂದಿ ಮಹಲ ಕಟ್ಟ್ಯಾರ. ನೀ ಇಡೀ ರಸ್ತೇದ ದೀಪಾನ ಆರಿಸಿದೆಲ್ಲೋ."

ಸಾಹೇಬರಿಗೆ ಏನು ಹೇಳುವುದೆಂದು ಇಬ್ಬರೂ ಯೋಚಿಸಿ ಕಡೆಗೆ ಎಲ್ಲವನ್ನೂ ಒಂದು ಕಾಗೆಯ ತಲೆಗೆ ಕಟ್ಟಿದರು. ಒಳಗೆ ಬಂದಾಗ ಫ್ಯಾನು ತಿರುಗುತ್ತಿತ್ತು. ಆಮ್ರಪಾಲಿ ಅದನ್ನು ನೋಡಿ, ಅವನನ್ನು ನೋಡಿ, ಚಹಾ ಬೇಕೆಂದಳು. ಎರಡು ಗುಟುಕು ಕುಡಿದು, ಸಕ್ಕರೆ ಹೆಚ್ಚಾಗಿದೆ ಎಂದು ಮುಖ ಕಿವುಚಿದಳು. ಆ ಕಿವುಚಿದ ಮುಖವನ್ನು ಪರಸಪ್ಪ ಹಬ್ಬದ ಹಾಗೆ ನೋಡುತ್ತ ನಿಂತ.

ಒಂದೇ ಸಲಕ್ಕೆ ಮುಗಿಯುವುದಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಮುಂದಿನ ಸರದಿಗಳಿಗೆ ಪರಸಪ್ಪ ಬೆಂಚಿನ ಮೇಲೆಯೇ ಕೂತ. ಗುಂಡಿಗೆ ನೀರು ಹಾಕುವುದನ್ನು ಮಾತ್ರ ಬಿಡಲಿಲ್ಲ. ಆಮ್ರಪಾಲಿ ಗೋಡೆಯ ಕಡೆಯಿಂದ ಈ ಕಡೆ ಹೊರಳಿದಳು, ಎದ್ದು ಕೂತಳು, ಅತ್ತೆಯ ರೊಟ್ಟಿ ದಪ್ಪವಾಗಿದೆ ಎಂದಳು. ಅದನ್ನು ಕೇಳಿ ಚಂದ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಆರಾಮಾದಳು, ಇನ್ನು ನನಗೆ ಸುಖವಿಲ್ಲ ಎಂದು ನಕ್ಕಳು. ಟಿಕೋಟಾಕ್ಕೆ ಮರಳಿದ ದಿನ ಆಮ್ರಪಾಲಿ ಗಾಡಿಯಿಂದ ಇಳಿದವಳೇ ಮನೆಯ ಮುಂದಿನ ಕಂಬದ ಹತ್ತಿರ ನಿಂತುಬಿಟ್ಟಳು. ಮುಕ್ಕಾಲು ಹಳದಿ, ಕಾಲು ಬೂದು.

"ಯಾವ ಶಾಣ್ಯಾ ಬಳದಾನ್ರಿ ಇದನ್ನ, ಅರ್ಧಕ್ಕ ಬಿಟ್ಟ?"

ಹೊಸ ಸ್ಕೀಮು ಬಂದಿತ್ತು, ಅನುದಾನ ಸಾಲಲಿಲ್ಲ ಎಂದ ಪರಸಪ್ಪ. ಓಣಿಯವರು ಹೋಳಿಗೆ ಉಂಡ ಋಣಕ್ಕೆ ಬಾಯಿ ಬಿಡಲಿಲ್ಲ. ಅವತ್ತು ಅವನ ಒಳಗೆ ಒಬ್ಬ ಕಳ್ಳ ಕುಣಿದ. ಕಂಬ ಹೋಗಿದೆ, ಅಂದಮೇಲೆ ಅದರ ಹಿಂದಿನ ಬೆಲ್ಟೂ ಹೋಗಿರಬೇಕು. ಆದರೂ ಅವಳು ಯಾವುದೋ ಯೋಚನೆಯಲ್ಲಿ ಕಿಟಕಿಯ ಸರಳಿನ ಮೇಲೆ ಬಟ್ಟೆ ಒಣಹಾಕುವಾಗ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ. ಬೆಲ್ಟನ್ನು ಹೊರಗೆ ತೆಗೆದರೆ ಕಂಡೀತು, ಕಂಡರೆ ನೆನಪಾದೀತು. ಹಾಗಾಗಿ ಸ್ಟೇಷನ್ ರಸ್ತೆಯ ಕಂಬಗಳನ್ನು ಅವನು ಬೆಲ್ಟಿಲ್ಲದೆಯೇ ಹತ್ತುತ್ತಿದ್ದ, ಒಂದು ಕೈಯಲ್ಲಿ ಕಂಬವನ್ನು ತಬ್ಬಿ, ಇನ್ನೊಂದರಲ್ಲಿ ಕೆಲಸ. ಬಿದ್ದರೆ ಬೀಳುತ್ತೇನೆ ಎಂದು ಅವನು ಅಂದುಕೊಳ್ಳುತ್ತಿದ್ದದ್ದು ಧೈರ್ಯದಿಂದೇನಲ್ಲ.

ಒಂದು ಮುಂಜಾನೆ ಅವನು ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ. ಆಮ್ರಪಾಲಿ ಹಂಚಿನ ಮೇಲೆ ರೊಟ್ಟಿ ಬಿಟ್ಟು, ಕೈ ಹಿಟ್ಟಾಗಿದ್ದಂತೆಯೇ ಹೊರಗೆ ಬಂದಳು. ಹೆಗಲ ಮೇಲೆ ಬೆಲ್ಟು ಇತ್ತು, ಹುಕ್ಕಿನಿಂದ ಒಂದೆರಡು ಜೋಳದ ಕಾಳು ಉದುರಿದವು. ಇದು ಚೀಲದೊಳಗೆ ಏನು ಮಾಡುತ್ತಿತ್ತು ಎಂದು ಕೇಳಿದಳು. ಇಲಿ ಎಂದ ಪರಸಪ್ಪ. ಇಲಿಗಳು ಈಗ ಸೇಫ್ಟಿ ನೋಡುತ್ತವೆಯೇ ಎಂದಳು. ಬೆಲ್ಟಿಲ್ಲದೆ ಕಂಬ ಹತ್ತುತ್ತಾನೆಂದು ಗೈಬುಸಾಬಣ್ಣ ಫೋನು ಮಾಡಿದ್ದನಂತೆ. ಕೈ ಎತ್ತಿರಿ ಎಂದಳು. ಅವನು ಎತ್ತಿದ. ನಡುವಿನ ಸುತ್ತ ಬೆಲ್ಟು ತಂದು, ಮುಂದೆ ಬಂದು, ಹುಕ್ಕನ್ನು ಬೆಲ್ಟಿನ ಕಬ್ಬಿಣದ ಬಳೆಯೊಳಗೆ ಒತ್ತಿದಳು. ಟಕ್ ಎಂದಿತು.

"ಹಿಂಗ ಸಪ್ಪಳಾಗಬೇಕು," ಎಂದಳು. "ಅವತ್ತ ಆಗಲಿಲ್ಲ."

ಅವನ ಕೈಗಳು ಮೇಲೆಯೇ ಉಳಿದವು. ಯಾವತ್ತು ಎಂದು ಕೇಳಿದ.

"ಕಿಟಕಿಗೆ ಕಟ್ಟಿದ್ರೆಲ್ಲ, ಅವತ್ತ. ನನಗ ಬ್ಯಾರೇದು ಭಾಳ ನೆನಪಿಲ್ಲ. ಅದು ಐತಿ. ಹುಕ್ಕ ಬಿದ್ದಿರಲೇ ಇಲ್ರಿ. ಸುಮ್ನ ಸುತ್ತಿ ಬಿಟ್ಟಿದ್ರಿ."

ಇಷ್ಟು ವರ್ಷ ಹುಕ್ಕು ಹಾಕಿದವನು, ಅದೊಂದು ದಿನ ಹಾಕಿರಲಿಲ್ಲ.

"ಮತ್ತ ಎದ್ದ ಹೋಗಲಿಲ್ಲಲ್ಲ ನೀ?"

"ಎಲ್ಲಿಂದ ಹೋಗ್ಲಿ? ಹೊಸ್ತಲದ ಮ್ಯಾಲ ಕುಂತ ಅಳಾಕತ್ತಿದ್ರಿ ನೀವು. ದಾಟಾಕ ಜಾಗಾ ಎಲ್ಲಿತ್ತು?"

ಒಳಗೆ ರೊಟ್ಟಿ ಸೀಯುವ ವಾಸನೆ ಬಂತು. ಆಮ್ರಪಾಲಿ ಓಡಿದಳು, ತಿರುವಿ ಹಾಕಿದಳು, ಖಾಲಿ ಕೊಡ ತೆಗೆದುಕೊಂಡು ಮತ್ತೆ ಬಂದಳು. ಪರಸಪ್ಪ ಇನ್ನೂ ಅಲ್ಲಿಯೇ, ಬಾಗಿಲ ತುಂಬ, ಎರಡೂ ಕೈ ಮೇಲೆತ್ತಿ ನಿಂತಿದ್ದ. ಮುಖವೆಲ್ಲ ಒದ್ದೆಯಾಗಿತ್ತು.

"ನೋಡ್ರಿ, ಮತ್ತ ಬಾಗಲದಾಗ," ಎಂದಳು ಆಮ್ರಪಾಲಿ. "ಸರೀರಿ. ನೀರ ಬಂದಾವ."

ಅವನು ಸರಿದು ದಾರಿ ಕೊಟ್ಟ.